ಪೆನ್ಸಿಲ್ ಹಾಕಿ ಎರಡು ಸುತ್ತು

ಅಟ್ಟ ಕ್ಲೀನ್ ಮಾಡುವಾಗ ಹಳೇ ಕ್ಯಾಸೆಟ್ ಒಂದು ಸಿಕ್ಕಿತು. ಸಿ-60. ಅಂದರೆ ಒಂದು ಬದಿಗೆ 30 ನಿಮಿಷ. ಕೊನೆಯ ಹಾಡು ಅರ್ಧಕ್ಕೇ ಕಟ್ಟಾಗುತ್ತಿತ್ತು. ಈಗಲೂ ಆ ಹಾಡು ಎಲ್ಲಾದರೂ ಕೇಳಿದರೆ, ನನ್ನ ಕಿವಿ ಅದೇ ಜಾಗದಲ್ಲಿ 'ಟಕ್' ಅನ್ನೋ ಸದ್ದಿಗೆ ಕಾಯುತ್ತದೆ.

ರೇಡಿಯೋ ಮುಂದೆ ಟೇಪ್ ರೆಕಾರ್ಡರ್ ಇಟ್ಟು ತುಂಬಿಸಿಕೊಂಡ ಹಾಡುಗಳು. ರೆಕಾರ್ಡ್, ಪ್ಲೇ ಎರಡೂ ಬಟನ್ ಒಟ್ಟಿಗೆ ಒತ್ತಬೇಕು. ಒತ್ತಿದ ಮೇಲೆ ಮನೆಯಲ್ಲಿ ಯಾರೂ ಉಸಿರೆತ್ತುವಂತಿಲ್ಲ. ಆದರೂ ಮೂರನೇ ಹಾಡಿನ ನಡುವೆ ಅಣ್ಣ ಕೆಮ್ಮಿದ್ದು ಹಾಗೇ ಉಳಿದಿದೆ. ಯಾರೂ ಅಳಿಸಬಾರದು ಅಂತ ಕ್ಯಾಸೆಟ್ಟಿನ ಅಂಚಿನ ಪುಟ್ಟ ಪ್ಲಾಸ್ಟಿಕ್ ಚೂರನ್ನು ಮುರಿದಿದ್ದೆ. ಆಮೇಲೆ ನನಗೇ ಮನಸ್ಸು ಬದಲಾಗಿ ಮತ್ತೆ ರೆಕಾರ್ಡ್ ಮಾಡೋಣ ಅಂತ ಆ ತೂತಿಗೆ ಸೆಲೋಟೇಪ್ ಅಂಟಿಸಿದ್ದೇನೆ!

ಆ ಕಾಲವೇ ಚೆಂದ ಅಂತೇನೂ ಹೇಳಲ್ಲ. ಒಂದು ಹಾಡಿಗಾಗಿ ಹಿಂದೆ ಮುಂದೆ ಓಡಿಸುತ್ತಾ ಕೂರೋದು ಕಿರಿಕಿರಿಯೇ. ಆದರೆ ಇಷ್ಟವಿಲ್ಲದ ಹಾಡನ್ನೂ ಪೂರ್ತಿ ಕೇಳುತ್ತಿದ್ದೆವು, ಅಲ್ವಾ?

ಈಗ ಕೇಳೋಣ ಅಂದರೆ ಮನೆಯಲ್ಲಿ ಪ್ಲೇಯರ್ ಇಲ್ಲ. ಆರು ಮೂಲೆಯ ಪೆನ್ಸಿಲ್ ಮಾತ್ರ ಇತ್ತು. ಅದನ್ನು ಟೇಪ್ ಸುರುಳಿಯ ತೂತಿಗೆ ಸಿಕ್ಕಿಸಿ ಸುಮ್ನೆ ಎರಡು ಸುತ್ತು ತಿರುಗಿಸಿ, ಕ್ಯಾಸೆಟ್ಟನ್ನು ವಾಪಸ್ ಡಬ್ಬಿಗೆ ಹಾಕಿದೆ.