ಅಣ್ಣನ ಮಾತು, ತಂಗಿಯ ಮಾತು

"ಏನಪ್ಪಾ, ಮೈಸೂರಿಗೆ ಬಂದು ಇಷ್ಟು ವರ್ಷ ಆಯ್ತು, ಇನ್ನೂ ಸರಿಯಾಗಿ ಕನ್ನಡ ಬರಲ್ವಾ? ನಿನ್ನ ತಂಗಿ ನೋಡು, ಎಷ್ಟು ಚೆನ್ನಾಗಿ ಮಾತಾಡ್ತಾಳೆ!"

ಭಾನುವಾರ ಅಕ್ಕನ ಮನೆಯ ಸತ್ಯನಾರಾಯಣ ಪೂಜೆ ಊಟದಲ್ಲಿ ಪಕ್ಕದ ಮನೆಯ ಹಿರಿಯರು ಅಕ್ಕನ ಮಗನಿಗೆ ಹೇಳಿದ್ದು ಇದು. ಹುಡುಗ ಕೇಳಿದ್ದು ಇಷ್ಟೇ: "ಅಜ್ಜಾರ, ಸಾರು ಬ್ಯಾಡೇನ್ರಿ?" ಆಮೇಲೆ ಇಡೀ ಪಂಕ್ತಿಗೆ ತುಟಿ ಬಿಚ್ಚದೆ ಬಡಿಸಿದ. ಸರಿಯಾಗಿ ಕನ್ನಡ ಬರಲ್ವಾ ಅಂತೆ! ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡಕ್ಕೆ ಅವನದೇ ಕ್ಲಾಸಿಗೆ ಜಾಸ್ತಿ ಅಂಕ.

ಧಾರವಾಡ ಬಿಟ್ಟಾಗ ಅವನಿಗೆ 13, ತಂಗಿಗೆ 4. ವ್ಯತ್ಯಾಸವೆಲ್ಲಾ ಇರುವುದು ಈ ವಯಸ್ಸಿನಲ್ಲೇ. ಕೆನಡಾದಿಂದ ದಕ್ಷಿಣ ಇಂಗ್ಲೆಂಡಿಗೆ ಹೋಗಿ ನೆಲೆಸಿದ ಮಕ್ಕಳ ಮಾತನ್ನು ಗಮನಿಸಿ ಭಾಷಾತಜ್ಞ ಜೆ. ಕೆ. ಚೇಂಬರ್ಸ್ 1992ರಲ್ಲಿ ಹೀಗೆ ಬರೆದಿದ್ದರು: 7 ವರ್ಷದೊಳಗಿನವರು ಹೊಸ ಊರಿನ ಉಚ್ಚಾರ ಹಿಡಿಯುವುದು ಹೆಚ್ಚುಕಡಿಮೆ ಖಚಿತ. 14 ದಾಟಿದವರಿಗೆ ಅದು ಪೂರ್ತಿ ಒಲಿಯುವುದು ತೀರಾ ಅಪರೂಪ. ನಡುವಿನವರು ಒಬ್ಬೊಬ್ಬರು ಒಂದೊಂದು ಥರ.

ತಂಗಿ ಕಷ್ಟಪಟ್ಟು ಕಲಿತಿದ್ದಲ್ಲ. ಅಕ್ಕ ಮನೆಯಲ್ಲಿ ಈಗಲೂ ಅಪ್ಪಟ ಧಾರವಾಡದ ಮಾತೇ ಆಡುತ್ತಾಳೆ. ಮಗಳಿಗೆ ಮೈಸೂರಿನ ಮಾತು ಬಂದಿದ್ದು ಶಿಶುವಿಹಾರದಿಂದ, ಬೀದಿಯಲ್ಲಿ ಆಡುವ ಗೆಳತಿಯರಿಂದ. ಮಕ್ಕಳು ಅಪ್ಪ ಅಮ್ಮನಿಗಿಂತ ಜೊತೆಗಾರರಂತೆ ಮಾತಾಡುತ್ತಾರೆ, ವಲಸೆ ಹೋದ ಎಷ್ಟೋ ಮನೆಗಳಲ್ಲಿ ಇದು ಕಾಣುತ್ತದೆ. ಹಾಗಂತ ಅವಳು ಹಳೆಯದನ್ನೂ ಬಿಟ್ಟಿಲ್ಲ. ಫೋನಿನಲ್ಲಿ ಅಜ್ಜಿ ಸಿಕ್ಕರೆ ಸಾಕು, "ಎಲ್ಲಿ ಹೊಂಟೀಬೇ?" ಅಂತ ಶುರು ಮಾಡುತ್ತಾಳೆ.

ಅಣ್ಣನಿಗೆ ಸಿಕ್ಕಿದ್ದು ಬೇರೆಯೇ. ಎಂಟನೇ ಕ್ಲಾಸಿಗೆ ಬಂದು ಸೇರಿದ. ಮೊದಲ ಸಲ ಎದ್ದು ಉತ್ತರ ಹೇಳಿದಾಗಲೇ ಕ್ಲಾಸೆಲ್ಲಾ ನಕ್ಕಿತಂತೆ. ಅಲ್ಲಿಂದ ಮಾತು ಕಡಿಮೆಯಾಯಿತು. ಮಾತು ಕಡಿಮೆಯಾದ ಮೇಲೆ ಗೆಳೆಯರು ಎಲ್ಲಿಂದ ಬರಬೇಕು? ಗೆಳೆಯರಿಲ್ಲದೆ ಆ ಊರಿನ ಮಾತಾದರೂ ನಾಲಿಗೆಗೆ ಹೇಗೆ ಹತ್ತಬೇಕು? ವಯಸ್ಸು ಅರ್ಧ ಬಾಗಿಲು ಹಾಕಿತ್ತು, ಉಳಿದರ್ಧವನ್ನು ನಕ್ಕವರು ಹಾಕಿದರು.

ಹಿರಿಯರು ಕೆಟ್ಟವರಲ್ಲ. ಅಕ್ಕನಿಗೆ ಹುಷಾರಿಲ್ಲದಾಗ ಮನೆಗೆ ಊಟ ತಂದುಕೊಟ್ಟವರು. ಆದರೆ ತಮ್ಮ ಊರಿನದೇ ಸರಿಯಾದ ಕನ್ನಡ ಅನ್ನುವ ನಂಬಿಕೆ ಅವರದು. ಆ ನಂಬಿಕೆಯ ಮೇಲೆ ನನಗೆ ತುಂಬಾ ಸಿಟ್ಟಿದೆ. ಧಾರವಾಡ, ಮಂಗಳೂರು, ಕಲಬುರಗಿ, ಕೊಳ್ಳೇಗಾಲ, ಎಲ್ಲ ಕಡೆಯದೂ ಕನ್ನಡವೇ ಅಲ್ವಾ?

ಭಾವನದೂ ಮಗನದೇ ಮಾತು, ಅದೇ ಬ್ಯಾಡ್ರಿ, ಅದೇ ಹೌದ್ರಿ. ಊಟ ಮುಗಿದ ಮೇಲೆ ಅದೇ ಹಿರಿಯರು ಅವರ ಜೊತೆ ತುಂಬಾ ಹೊತ್ತು ಹರಟಿದರು. ಒಂದು ಸಲವೂ ತಿದ್ದಲಿಲ್ಲ. ಭಾವ ಬ್ಯಾಂಕ್ ಮ್ಯಾನೇಜರ್. ದೀಪಾವಳಿಗೆ ಮತ್ತೆ ಮೈಸೂರಿಗೆ ಹೋಗುವುದಿದೆ. ಅಪ್ಪನಿಗೆ ಹೇಳದ್ದನ್ನು ಮಗನಿಗೆ ಯಾಕೆ ಹೇಳಿದಿರಿ ಅಂತ ಅವರನ್ನು ಕೇಳಿಯೇ ಬರುತ್ತೇನೆ.