ವೈರ್ ಹಾಕಿದ ಮೇಲೆ ಒಮ್ಮೆ ಎಳೆದು ನೋಡಿ

ನಾನು ಕಂಟೇನರ್ ಹಡಗುಗಳಲ್ಲಿ ಎಲೆಕ್ಟ್ರಿಕಲ್ ಆಫೀಸರ್. ಹೊಸ ಹುಡುಗರು ಕೈಕೆಳಗೆ ಬಂದರೆ ಮೊದಲು ಹೇಳಿಕೊಡುವುದು ಇದನ್ನೇ: ವೈರನ್ನು ಟರ್ಮಿನಲ್‌ಗೆ, ಅಂದರೆ ವೈರ್ ತುದಿ ಸಿಕ್ಕಿಸುವ ಜಾಗಕ್ಕೆ, ಹಾಕಿದ ಮೇಲೆ ಎರಡು ಬೆರಳಲ್ಲಿ ಹಿಡಿದು ಎಳೆದು ನೋಡು. ಕಿತ್ತು ಬಂದರೆ ಅದು ಒಳಗೆ ಸರಿಯಾಗಿ ಕೂತಿಲ್ಲ.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಒತ್ತು ಯಾಕೆ ಅಂತ ಕೇಳುವವರಿಗೆ ಅಮೆರಿಕದ ಬಾಲ್ಟಿಮೋರ್ ಬಂದರಿನ ಕಥೆ ಹೇಳುತ್ತೇನೆ. 2024ರ ಮಾರ್ಚ್ 26ರ ನಡುರಾತ್ರಿ ಕಳೆದ ಹೊತ್ತು. ಸುಮಾರು 300 ಮೀಟರ್ ಉದ್ದದ ಡಾಲಿ ಹಡಗು ಬಂದರು ಬಿಟ್ಟು ಹೊರಟಿತ್ತು. ಸಿಬ್ಬಂದಿಯಲ್ಲಿ ಬಹುತೇಕ ಎಲ್ಲರೂ ಭಾರತದವರೇ. ಫ್ರಾನ್ಸಿಸ್ ಸ್ಕಾಟ್ ಕೀ ಸೇತುವೆ ಹತ್ತಿರವಾದಾಗ ಕರೆಂಟ್ ಹೋಯಿತು.

ಆಮೇಲೆ ತನಿಖೆಯಲ್ಲಿ ಸಿಕ್ಕಿದ್ದು ಒಂದು ಸಡಿಲ ವೈರ್. ಅದರ ಮೇಲಿದ್ದ ಲೇಬಲ್ ಪಟ್ಟಿ ಅಡ್ಡ ಬಂದು, ತುದಿ ಟರ್ಮಿನಲ್ ಒಳಗೆ ಪೂರ್ತಿ ಹೋಗಿರಲಿಲ್ಲ. ಹೊರಗಿನಿಂದ ನೋಡಿದರೆ ಎಲ್ಲ ಸರಿ ಇದ್ದಂತೆಯೇ ಕಾಣುತ್ತದೆ. ವೈರ್ ಬಿಟ್ಟುಕೊಂಡಾಗ ಟ್ರಾನ್ಸ್‌ಫಾರ್ಮರ್‌ನ ಬ್ರೇಕರ್ (ಕರೆಂಟ್ ಕಡಿಯುವ ಸ್ವಿಚ್) ಬಿತ್ತು, ಪಂಪುಗಳು ನಿಂತವು, ಮುಖ್ಯ ಎಂಜಿನ್ ತಾನಾಗಿಯೇ ಬಂದ್ ಆಯಿತು. ಸುಮಾರು ಒಂದು ನಿಮಿಷದಲ್ಲಿ ಹುಡುಗರು ಕರೆಂಟ್ ತಂದರು. ಆದರೆ ಜನರೇಟರ್‌ಗಳಿಗೆ ಡೀಸೆಲ್ ಕೊಡಲು ಬಳಸುತ್ತಿದ್ದ ಫ್ಲಶಿಂಗ್ ಪಂಪ್ ತಾನಾಗಿ ಮತ್ತೆ ಶುರುವಾಗುವಂಥದ್ದಲ್ಲ. ಡೀಸೆಲ್ ಒತ್ತಡ ಇಳಿದು ಮತ್ತೆ ಕತ್ತಲೆ. ಹಡಗು ಸೇತುವೆಯ ಕಂಬಕ್ಕೆ ಗುದ್ದಿತು, ಸೇತುವೆ ಕುಸಿಯಿತು. ಮೇಲೆ ರಸ್ತೆ ರಿಪೇರಿ ಮಾಡುತ್ತಿದ್ದ 6 ಕಾರ್ಮಿಕರು ಸತ್ತರು. ಹಡಗಿಗೆ ಬಂದರಿನ ದಾರಿ ತೋರಿಸುವ ಪೈಲಟ್ ಸಮಯಕ್ಕೆ ಎಚ್ಚರಿಸಿದ್ದರಿಂದ ಪೊಲೀಸರು ವಾಹನ ತಡೆದರು, ಇಲ್ಲದಿದ್ದರೆ ಇನ್ನೂ ಎಷ್ಟು ಜನ ಹೋಗುತ್ತಿದ್ದರೋ.

ಆದ್ದರಿಂದ ಹಡಗಿನಲ್ಲಿರುವವರು ಎರಡು ವಿಷಯ ನೋಡಿಕೊಳ್ಳಿ. ಒಂದು ಟ್ರಾನ್ಸ್‌ಫಾರ್ಮರ್ ಬಿದ್ದರೆ ಇನ್ನೊಂದು ತಾನಾಗಿ ಕೆಲಸ ಹಿಡಿಯುವ ಹಾಗೆ ಸ್ವಿಚ್ ಆಟೋದಲ್ಲಿದೆಯಾ? ಡೀಸೆಲ್ ಪಂಪ್ ಬ್ಲ್ಯಾಕೌಟ್ ನಂತರ ತಾನಾಗಿ ಎದ್ದೇಳುತ್ತದೆಯಾ? ಸುಮ್ನೆ ಕಾಗದದಲ್ಲಿ ಟಿಕ್ ಹಾಕಬೇಡಿ, ಹಡಗು ಕಟ್ಟೆಯಲ್ಲಿರುವಾಗಲೇ ಆಫ್ ಮಾಡಿ ನೋಡಿ.

ಆದರೆ ಎಲ್ಲ ಭಾರವನ್ನೂ ಒಂದು ವೈರ್ ಮೇಲೆ ಹಾಕುವುದು ಸರಿಯಲ್ಲ. ಯಂತ್ರ ಯಾವತ್ತಾದರೂ ಕೈಕೊಟ್ಟೇ ಕೊಡುತ್ತದೆ, ಅಲ್ವಾ? 1980ರಲ್ಲಿ ಫ್ಲಾರಿಡಾದ ಸನ್‌ಶೈನ್ ಸ್ಕೈವೇ ಸೇತುವೆಗೆ ಹಡಗು ಗುದ್ದಿ 35 ಜನ ಸತ್ತಿದ್ದರು. ಹೊಸ ಸೇತುವೆ ಕಟ್ಟುವಾಗ ಕಂಬಗಳ ಸುತ್ತ ದೊಡ್ಡ ಕಾಂಕ್ರೀಟ್ ತಡೆಗಳನ್ನು ನಿಲ್ಲಿಸಿದರು. ಕೀ ಸೇತುವೆ 1977ರದ್ದು. ಇಷ್ಟು ದೊಡ್ಡ ಹಡಗನ್ನು ತಡೆಯುವ ಶಕ್ತಿ ಅದರ ಸುತ್ತಲಿನ ತಡೆಗಳಿಗೆ ಇರಲಿಲ್ಲ. ಅವತ್ತು ಟಗ್‌ಗಳು (ದೊಡ್ಡ ಹಡಗನ್ನು ಎಳೆಯುವ, ತಳ್ಳುವ ಸಣ್ಣ ದೋಣಿಗಳು) ಡಾಲಿಯನ್ನು ಕಟ್ಟೆಯಿಂದ ಬಿಡಿಸಿ ವಾಪಸ್ ಹೋಗಿದ್ದವು. ಖರ್ಚು ಜಾಸ್ತಿಯಾದರೂ ಪರವಾಗಿಲ್ಲ, ಇಂಥ ದೊಡ್ಡ ಹಡಗು ಸೇತುವೆ ದಾಟುವವರೆಗೆ ಟಗ್ ಜೊತೆಗಿರಬೇಕು ಅನ್ನುವುದು ನನ್ನ ಅಭಿಪ್ರಾಯ.