ಬೆಂಗಳೂರಲ್ಲಿ ಬಯಾಲಜಿ ಪಿಎಚ್‌ಡಿ: ಸೇರೋದ್ರಿಂದ ಹಿಡಿದು ಮುಗಿಸೋವರೆಗೂ

ಎಂಎಸ್ಸಿ ಮುಗಿಸಿರೋ ಜೂನಿಯರ್ಸ್ ಕೇಳೋದು ಯಾವಾಗ್ಲೂ ಒಂದೇ, ಅಕ್ಕಾ ನೆಟ್‌ಗೆ (ಪಿಎಚ್‌ಡಿ ಫೆಲೋಶಿಪ್ ಕೊಡ್ಸೋ ರಾಷ್ಟ್ರೀಯ ಪರೀಕ್ಷೆ) ಯಾವ ಪುಸ್ತಕ ಓದ್ಬೇಕು ಅಂತ. ಓದ್ಲೇಬೇಕು, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಒಳಗೆ ಹೋದ್ಮೇಲೆ ಐದಾರು ವರ್ಷ ಹೆಂಗಿರತ್ತೆ, ಯಾವಾಗ ಯಾರ ಹತ್ರ ಏನ್ ಕೇಳ್ಬೇಕು ಅಂತ ಯಾರೂ ಕೇಳಲ್ಲ, ಯಾಕಂದ್ರೆ ದಾವಣಗೆರೆ ಚಿತ್ರದುರ್ಗ ಕಡೆಯಿಂದ ಬರೋ ನಮ್ಮಂಥವರ ಮನೇಲಿ ಇದನ್ನ ಮಾಡಿದೋರೇ ಇರಲ್ಲ. ನಂದು ಈ ವರ್ಷ ಮುಗೀತು, ಎಲ್ಲಾ ನೆನಪಿರೋವಾಗ್ಲೇ ಬರೆದುಬಿಡ್ತೀನಿ.

ಸೇರೋ ದಾರಿ ಬೇಗ ಹೇಳ್ತೀನಿ. ಸಿಎಸ್‌ಐಆರ್ ನೆಟ್ ಲೈಫ್ ಸೈನ್ಸಸ್ 200 ಮಾರ್ಕ್ಸ್, ಅದ್ರಲ್ಲಿ 100 ಪಾರ್ಟ್ ಸಿ ಒಂದಕ್ಕೇ, 75 ಪ್ರಶ್ನೆಲಿ 25 ಮಾಡಿದ್ರೆ ಸಾಕು, ಹಂಗಾಗಿ ಇಡೀ ಸಿಲಬಸ್ ಮೇಲೆ ಮೇಲೆ ಓದೋಕಿಂತ ಆರೇಳು ಯೂನಿಟ್ ಆಳವಾಗಿ ಓದೋದು ವಾಸಿ. ಗೇಟ್ ಪರೀಕ್ಷೆ ಇದೆ, ಜಿಕೆವಿಕೆ (ಕೃಷಿ ವಿವಿ) ಕ್ಯಾಂಪಸ್ಸಲ್ಲಿರೋ ಬಯಾಲಜಿ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ಗೆ ಜೆಗೀಬಿಲ್ಸ್ ಅನ್ನೋ ಪ್ರವೇಶ ಪರೀಕ್ಷೆ ಇದೆ, ಬಿಎಸ್ಸಿ ಆದ್ಮೇಲೇ ಜ್ಯಾಮ್ ಪರೀಕ್ಷೆ ಬರೆದು ಐಐಎಸ್‌ಸಿಲಿ (ಭಾರತೀಯ ವಿಜ್ಞಾನ ಸಂಸ್ಥೆ) ಎಂಎಸ್ಸಿ ಸೇರಿಸ್ಕೊಂಡೇ ಮಾಡೋ ಇಂಟಿಗ್ರೇಟೆಡ್ ಪಿಎಚ್‌ಡಿಗೂ ಹೋಗಬಹುದು, ಜಕ್ಕೂರಲ್ಲಿ ಜೆಎನ್‌ಸಿಎಎಸ್‌ಆರ್ ಅನ್ನೋ ಸಂಶೋಧನಾ ಸಂಸ್ಥೆ ಇದೆ. ಇಂಟರ್‌ವ್ಯೂಲಿ ನಿಮ್ಮ ಎಂಎಸ್ಸಿ ಪ್ರಾಜೆಕ್ಟ್ ಹಿಡ್ಕೊಂಡೇ ಕೂರ್ತಾರೆ. ಹೋಲಿಕೆಗೆ ಈ ಕಂಟ್ರೋಲ್ ಯಾಕೆ ಇಟ್ರಿ, ಇದು ಉಲ್ಟಾ ಬಂದಿದ್ರೆ ಏನಂತಿದ್ರಿ, ಇಷ್ಟೇ. ಇಂಗ್ಲಿಷ್ ತಡವರಿಸಿದ್ರೆ ಹೆದರ್ಬೇಡಿ, ಬೋರ್ಡ್ ಮೇಲೆ ಚಿತ್ರ ಬರೆದು ಹೇಳಿ, ಕೇಳ್ತಾರೆ.

ಈಗ ಲ್ಯಾಬ್ ಆರಿಸೋ ವಿಷ್ಯ. ಕೆಲವು ಕಡೆ ರೊಟೇಶನ್ ಇರತ್ತೆ, ಬೇರೆ ಬೇರೆ ಲ್ಯಾಬಲ್ಲಿ ಒಂದಷ್ಟು ತಿಂಗಳು ಕೂತು ನೋಡಿ ಆಮೇಲೆ ಸೇರೋದು. ಆಗ ಬರೀ ಟಾಪಿಕ್ ನೋಡ್ಬೇಡಿ. ಅಲ್ಲಿನ ಸೀನಿಯರ್ಸ್‌ನ ಕ್ಯಾಂಟೀನಿಗೆ ಕರ್ಕೊಂಡು ಹೋಗಿ ಕೇಳಿ, ಹಿಂದಿನ ಸ್ಟೂಡೆಂಟ್ ಮುಗಿಸೋಕೆ ಎಷ್ಟು ವರ್ಷ ಆಯ್ತು, ಡ್ರಾಫ್ಟ್ ಕೊಟ್ರೆ ಗೈಡ್ ಎಷ್ಟು ದಿನಕ್ಕೆ ಓದ್ತಾರೆ, ಯಾರಾದ್ರೂ ಅರ್ಧಕ್ಕೆ ಬಿಟ್ಟು ಹೋಗಿದಾರಾ, ಯಾಕೆ. ಅವ್ರು ಉತ್ತರ ಹೇಳೋ ಮುಂಚೆ ಸ್ವಲ್ಪ ತಡೆದ್ರೆ ಅದನ್ನೂ ಗಮನಿಸಿ.

ಯಾವ ಜೀವಿ ಮೇಲೆ ಕೆಲಸ ಅನ್ನೋದೂ ಮುಖ್ಯ, ನಿಮ್ಮ ದಿನಚರಿ ಬರೆಯೋದು ಅದೇ. ನಂದು ಡ್ರೊಸೊಫಿಲಾ, ಬಾಳೆಹಣ್ಣಿಗೆ ಮುತ್ಕೊಳ್ತಾವಲ್ಲ, ಆ ಸಣ್ಣ ನೊಣ. 25 ಡಿಗ್ರಿಲಿ ಮೊಟ್ಟೆಯಿಂದ ನೊಣ ಆಗೋಕೆ ಸುಮಾರು ಹತ್ತು ದಿನ. ಕ್ರಾಸ್ ಹಾಕೋಕೆ, ಅಂದ್ರೆ ನಮಗೆ ಬೇಕಾದ ಗಂಡು ಹೆಣ್ಣನ್ನ ಕೂಡಿಸೋಕೆ, ಇನ್ನೂ ಗಂಡಿನ ಜೊತೆ ಕೂಡದ ವರ್ಜಿನ್ ಹೆಣ್ಣೇ ಬೇಕು, ಅಂದ್ರೆ ಪ್ಯೂಪಾದಿಂದ ಹೊರಬಂದ ಎಂಟು ಗಂಟೆ ಒಳಗೆ ಬೇರೆ ಮಾಡ್ಬೇಕು. ಇಂಗಾಲದ ಡೈಆಕ್ಸೈಡ್ ಪ್ಯಾಡ್ ಮೇಲೆ ಮಲಗಿಸಿ ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಆಗಷ್ಟೇ ಹೊರಬಂದ ಹೆಣ್ಣು ಮೈಯೆಲ್ಲಾ ಬಿಳಚಿಕೊಂಡು, ಹೊಟ್ಟೆ ಒಳಗೆ ಒಂದು ಕಪ್ಪು ಚುಕ್ಕೆ ಕಾಣ್ತಿರತ್ತೆ. ಆ ಚುಕ್ಕೆ ಇದ್ರೆ ಧೈರ್ಯವಾಗಿ ಎತ್ಕೋಬಹುದು. ರಾತ್ರಿ ಬಾಟಲ್‌ನ 18 ಡಿಗ್ರಿಗೆ ಹಾಕಿದ್ರೆ ಎಲ್ಲಾ ನಿಧಾನ ಆಗತ್ತೆ, ಬೆಳಿಗ್ಗೆ ಬಂದು ಹಿಡೀಬಹುದು, ಆದ್ರೆ ಬೆಳಿಗ್ಗೆ ಬರ್ಲೇಬೇಕು, ಯುಗಾದಿನೂ ಇಲ್ಲ ಭಾನುವಾರನೂ ಇಲ್ಲ. ನಂಗಿದು ಇಷ್ಟ ಆಯ್ತು, ಈಗ್ಲೂ ಇಷ್ಟ. ಪಶ್ಚಿಮ ಘಟ್ಟದಲ್ಲಿ ಕಪ್ಪೆ ಮೇಲೆ ಕೆಲಸ ಮಾಡೋ ಗೆಳತಿದು ಬೇರೆ ಲೆಕ್ಕ, ಒಂದು ಮಳೆಗಾಲ ಕೈ ತಪ್ಪಿದ್ರೆ ಇಡೀ ವರ್ಷ ಹೋಯ್ತು. ಇಲಿ ಮೇಲಾದ್ರೆ ಮೊದ್ಲು ಎಥಿಕ್ಸ್ ಕಮಿಟಿ ಅನುಮತಿ, ಅದು ಸಿಗೋವರೆಗೂ ಪ್ರಯೋಗ ಶುರು ಮಾಡೋಹಂಗಿಲ್ಲ.

ದುಡ್ಡಿನ ವಿಷ್ಯ ಮಾತಾಡೋಕೆ ಎಲ್ರೂ ನಾಚ್ಕೋತಾರೆ. 2023ರ ಜನವರಿಯಿಂದ ಜೆಆರ್‌ಎಫ್ (ಮೊದಲ ಹಂತದ ಫೆಲೋಶಿಪ್) ತಿಂಗಳಿಗೆ 37,000 ರೂಪಾಯಿ, ಎರಡು ವರ್ಷ ಆದ್ಮೇಲೆ ರಿವ್ಯೂ ಆಗಿ ಎಸ್‌ಆರ್‌ಎಫ್ (ಸೀನಿಯರ್ ಫೆಲೋಶಿಪ್) ಆದ್ರೆ 42,000, ಹಾಸ್ಟೆಲ್ ಸಿಗ್ದಿದ್ರೆ ಮನೆ ಬಾಡಿಗೆ ಭತ್ಯೆ. ಕೇಳೋಕೆ ಚೆನ್ನಾಗಿದೆ, ಆದ್ರೆ ಸಮಯಕ್ಕೆ ಬರಲ್ಲ. ತಿಂಗಳುಗಟ್ಟಲೆ ಬರದೇ ಇದ್ದದ್ದೂ ಉಂಟು, ಆಮೇಲೆ ಒಟ್ಟಿಗೆ ಬಂತು, ಅಷ್ಟರಲ್ಲಿ ಮನೆ ಓನರ್ ಕಾಯಲ್ಲ. ಇದು ತಪ್ಪು, ಬದಲಾಗ್ಬೇಕು, ಬೆಳಿಗ್ಗೆಯಿಂದ ರಾತ್ರಿವರೆಗೂ ಕೆಲಸ ಮಾಡೋರು ಬಾಡಿಗೆಗೆ ಅಪ್ಪನ ಹತ್ರ ಕೈ ಚಾಚೋಹಂಗೆ ಆಗ್ಬಾರ್ದು. ಅಲ್ಲಿವರೆಗೂ ಮೂರು ತಿಂಗಳ ಬಾಡಿಗೆ ಪಕ್ಕಕ್ಕಿಟ್ಟಿರಿ.

ನಾನು ಒತ್ತಿ ಹೇಳ್ಬೇಕಿರೋದು ಕಮಿಟಿ ಬಗ್ಗೆ, ಅಂದ್ರೆ ನಿಮ್ಮ ಕೆಲಸ ನೋಡಿ ಸಲಹೆ ಕೊಡೋ ಪ್ರೊಫೆಸರ್‌ಗಳ ಸಮಿತಿ. ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡೋ ಯುಜಿಸಿಯ 2022ರ ನಿಯಮದ ಪ್ರಕಾರ ಕನಿಷ್ಠ 12 ಕ್ರೆಡಿಟ್ ಕೋರ್ಸ್‌ವರ್ಕ್, ಪ್ರತಿ ಸೆಮಿಸ್ಟರ್ ಸಲಹಾ ಸಮಿತಿ ಮುಂದೆ ಪ್ರೆಸೆಂಟೇಶನ್, ಒಟ್ಟು ಕನಿಷ್ಠ ಮೂರು ವರ್ಷ, ಗರಿಷ್ಠ ಆರು, ಹೆಣ್ಮಕ್ಕಳಿಗೆ ಇನ್ನೆರಡು ವರ್ಷ ವಿನಾಯ್ತಿ, 240 ದಿನದವರೆಗೂ ಹೆರಿಗೆ ರಜೆ. ಇದರ ಮೇಲೆ ಪ್ರತಿ ಸಂಸ್ಥೆದೂ ತನ್ನದೇ ಹ್ಯಾಂಡ್‌ಬುಕ್ ಇರತ್ತೆ, ಸೇರಿದ ವಾರವೇ ಪೂರ್ತಿ ಓದಿ. ಬಹಳ ಜನ ಕಮಿಟಿ ಮೀಟಿಂಗ್ ಅಂದ್ರೆ ಪರೀಕ್ಷೆ ಅಂದ್ಕೊಂಡು ಚೆನ್ನಾಗಿರೋ ಡೇಟಾ ಮಾತ್ರ ತೋರಿಸ್ತಾರೆ, ಆಗದೇ ಇರೋದನ್ನ ಮುಚ್ಚಿಡ್ತಾರೆ. ಆಗದೇ ಇರೋದನ್ನೇ ಮೊದ್ಲು ತೋರ್ಸಿ. ನಮ್ಮ ಬ್ಯಾಚಿನ ಒಬ್ಬನ ಪ್ರೋಟೀನ್ ಎಷ್ಟು ಮಾಡಿದ್ರೂ ಪ್ಯೂರಿಫೈ ಆಗ್ತಿರಲಿಲ್ಲ, ಗೈಡ್ ಇನ್ನೊಂದ್ಸಲ ಮಾಡು ಇನ್ನೊಂದ್ಸಲ ಮಾಡು ಅಂತಿದ್ರು, ಕಮಿಟಿಲಿದ್ದ ಹೊರಗಿನ ಪ್ರೊಫೆಸರ್ ಒಬ್ರು ಇದನ್ನ ನಿಲ್ಸಿ, ಎರಡನೇ ಪ್ರಶ್ನೆ ಹಿಡೀರಿ ಅಂತ ರಿಪೋರ್ಟಲ್ಲೇ ಬರೆದ್ರು. ಅವನ ಥೀಸಿಸ್ ಆಗಿದ್ದು ಆ ಎರಡನೇ ಪ್ರಶ್ನೆಯಿಂದ. ಸ್ಟೂಡೆಂಟ್ ಬಾಯಲ್ಲಿ ಬಂದ್ರೆ ದೂರು ಆಗೋ ಮಾತು ಕಮಿಟಿ ಬರೆದ್ರೆ ಸಲಹೆ ಆಗತ್ತೆ. ಮೀಟಿಂಗ್ ತಡ ಆಗ್ತಿದ್ರೆ ನೀವೇ ಮೇಲ್ ಹಾಕಿ ಡೇಟ್ ಫಿಕ್ಸ್ ಮಾಡ್ಸಿ, ರಿಪೋರ್ಟ್ ಕಾಪಿ ಇಟ್ಕೊಳ್ಳಿ.

ಕೊನೇ ವರ್ಷದ ಕಷ್ಟ ಏನಂದ್ರೆ ಫೆಲೋಶಿಪ್ ಐದು ವರ್ಷಕ್ಕೆ ನಿಲ್ಲತ್ತೆ, ಕೆಲಸ ನಿಲ್ಲಲ್ಲ. ನಾಲ್ಕನೇ ವರ್ಷದಲ್ಲೇ ಗೈಡ್ ಹತ್ರ ಪ್ರಾಜೆಕ್ಟ್ ದುಡ್ಡಲ್ಲಿ ಜಾಗ ಇದೆಯಾ ಅಂತ ನೇರವಾಗಿ ಕೇಳಿ. ಪ್ರಯೋಗಕ್ಕೆ ಬೇಕಾದ ಆಂಟಿಬಾಡಿ ಹೊರದೇಶದಿಂದ ಬರೋದಾದ್ರೆ ಬೇಕಾಗೋದಕ್ಕೆ ತಿಂಗಳುಗಳ ಮುಂಚೆ ಆರ್ಡರ್ ಹಾಕಿ. ಥೀಸಿಸ್ ಕೊಡೋ ಮುಂಚೆ ಪೇಪರ್ ಪ್ರಕಟಿಸೋದು ಕಡ್ಡಾಯ ಅನ್ನೋದನ್ನ ಯುಜಿಸಿ 2022ರಲ್ಲಿ ತೆಗೀತು, ನಿಮ್ಮ ಸಂಸ್ಥೆ ತೆಗ್ದಿದ್ಯಾ ನೋಡ್ಕೊಳ್ಳಿ. ಥೀಸಿಸ್ ಕೊಟ್ಮೇಲೆ ಕೃತಿಚೌರ್ಯ ಚೆಕ್, ಹೊರಗಿನ ಇಬ್ಬರು ಪರೀಕ್ಷಕರ ರಿಪೋರ್ಟು, ಆಮೇಲೆ ವೈವಾ, ಇದಕ್ಕೇ ತಿಂಗಳುಗಳು ಹಿಡಿಯತ್ತೆ, ಪೋಸ್ಟ್‌ಡಾಕ್ (ಪಿಎಚ್‌ಡಿ ಆದ್ಮೇಲಿನ ಸಂಶೋಧನಾ ಕೆಲಸ) ಸೇರೋ ತಾರೀಖು ಕೊಡೋವಾಗ ಇದನ್ನ ಲೆಕ್ಕಕ್ಕೆ ತಗೊಳ್ಳಿ. ವೈವಾ ಆದ ತಕ್ಷಣ ಪ್ರೊವಿಷನಲ್ ಸರ್ಟಿಫಿಕೇಟ್‌ಗೆ ಅರ್ಜಿ ಹಾಕಿ, ಘಟಿಕೋತ್ಸವಕ್ಕೆ ಕಾಯ್ತಾ ಕೂರ್ಬೇಡಿ.